ಒಂದು ಟನ್ ಉಕ್ಕಿಗೆ ಎಷ್ಟು ಟನ್ ಹೊಗೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಉಕ್ಕು ಗಣಿಯಿಂದ ಗುಜರಿಯವರೆಗೆ ಪರಿಸರಕ್ಕೆ ಹೊರಿಸುವ ಹೊರೆಯನ್ನೆಲ್ಲ ಕೂಡಿಸುವ ಜೀವನಚಕ್ರ ಲೆಕ್ಕ, ಅಂದರೆ ಎಲ್‌ಸಿಎ ಬಗ್ಗೆ ಬೆಂಗಳೂರು ಮತ್ತು ಸುತ್ತಲಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಎಂಟನ್ನು ಈ ಸಲ ತೆಗೆದುಕೊಂಡಿದ್ದೇವೆ. ಇಂಗಾಲದ ಡೈಆಕ್ಸೈಡನ್ನು ಕೆಳಗೆಲ್ಲ ಚಿಕ್ಕದಾಗಿ ‘ಸಿಒ2’ ಎಂದು ಬರೆದಿದ್ದೇವೆ. ಕರೆಂಟಿನ ಲೆಕ್ಕದಲ್ಲಿ ಯೂನಿಟ್ ಅಂದರೆ ನಿಮ್ಮ ಮನೆ ಬಿಲ್ಲಿನಲ್ಲಿ ಬರುವ ಯೂನಿಟ್ಟೇ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗಾಗಿ ಎರಡು ಕಂಪನಿಗಳ ಟಿಎಂಟಿ ಕಂಬಿಯನ್ನು ಹೋಲಿಸುತ್ತಿದ್ದೇನೆ. ಒಬ್ಬರು ಟನ್ನಿಗೆ 1.9 ಟನ್ ಸಿಒ2 ಅನ್ನುತ್ತಾರೆ, ಇನ್ನೊಬ್ಬರು 2.4 ಅನ್ನುತ್ತಾರೆ. ಮೊದಲನೆಯದೇ ಉತ್ತಮ ಎಂದು ಬರೆಯಬಹುದೆ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಯಲಹಂಕ)

ಉತ್ತರ: ಅಷ್ಟು ಬೇಗ ಬರೆಯಬೇಡಿ. ಆ ಎರಡು ಅಂಕಿಗಳು ಒಂದೇ ತಕ್ಕಡಿಯಲ್ಲಿ ತೂಗಿದವೇ ಅನ್ನುವುದನ್ನು ಮೊದಲು ನೋಡಿ. ಎಲ್‌ಸಿಎಯಲ್ಲಿ ಎಲ್ಲಕ್ಕಿಂತ ಮುಂಚೆ ಆಗಬೇಕಾದ ಕೆಲಸ ಗೆರೆ ಎಳೆಯುವುದು: ಯಾವುದು ಲೆಕ್ಕದ ಒಳಗೆ, ಯಾವುದು ಹೊರಗೆ. ಐಎಸ್‌ಒ 14040 ಮತ್ತು 14044 ಮಾನದಂಡಗಳು ಕೆಲಸವನ್ನು ನಾಲ್ಕು ಹಂತ ಮಾಡುತ್ತವೆ. ಗುರಿ ಮತ್ತು ವ್ಯಾಪ್ತಿ ಗೊತ್ತುಮಾಡುವುದು, ಒಳಬರುವ ಹೊರಹೋಗುವ ಎಲ್ಲದರ ಪಟ್ಟಿ ಮಾಡುವುದು, ಆ ಪಟ್ಟಿಯನ್ನು ಪರಿಣಾಮಕ್ಕೆ ಪರಿವರ್ತಿಸುವುದು, ಕೊನೆಗೆ ಅರ್ಥೈಸುವುದು. ಜಗಳಗಳೆಲ್ಲ ಹುಟ್ಟುವುದು ಮೊದಲ ಹಂತದಲ್ಲಿ.

ಒಂದು ಕಾರ್ಖಾನೆಗೆ ಸ್ವಂತ ಕೋಕ್ (ಗಾಳಿ ತಾಗಿಸದೆ ಕಾಯಿಸಿದ ಕಲ್ಲಿದ್ದಲು) ಒಲೆಗಳಿವೆ, ಇನ್ನೊಂದು ಕೋಕನ್ನು ಹೊರಗಿನಿಂದ ಕೊಳ್ಳುತ್ತದೆ ಅಂದುಕೊಳ್ಳಿ. ಕಾಂಪೌಂಡಿನೊಳಗಿನ ಚಿಮಣಿಗಳನ್ನು ಮಾತ್ರ ಎಣಿಸಿದರೆ ಕೊಳ್ಳುವವನೇ ಶುದ್ಧ. ಕೋಕ್ ತಯಾರಾದ ಊರಿನಲ್ಲಿ ಹೊಗೆ ಎದ್ದಿದೆ, ಲೆಕ್ಕದಲ್ಲಿ ಇಲ್ಲ. ಪೆಲೆಟ್ (ಅದಿರಿನ ಪುಡಿಯ ಉಂಡೆ), ಸ್ಪಾಂಜ್ ಐರನ್ (ಕರಗಿಸದೆಯೇ ಅದಿರಿನಿಂದ ಆಮ್ಲಜನಕ ತೆಗೆದ ಕಬ್ಬಿಣ), ಕೊಂಡ ಕರೆಂಟು, ಆಮ್ಲಜನಕ ಎಲ್ಲಕ್ಕೂ ಇದೇ ಮಾತು.

ಭಾರತ ಸರ್ಕಾರ 2024ರ ಡಿಸೆಂಬರಿನಲ್ಲಿ ಹೊರಡಿಸಿದ ಹಸಿರು ಉಕ್ಕಿನ ವರ್ಗೀಕರಣವನ್ನೇ ತೆಗೆದುಕೊಳ್ಳಿ. ಸಿದ್ಧ ಉಕ್ಕಿನ ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಇದ್ದರೆ ‘ಹಸಿರು’. 2.0ರಿಂದ 2.2ರವರೆಗೆ ಮೂರು ನಕ್ಷತ್ರ, 1.6ರಿಂದ 2.0ರವರೆಗೆ ನಾಲ್ಕು, 1.6ಕ್ಕಿಂತ ಕೆಳಗೆ ಐದು. ಈ ಲೆಕ್ಕದಲ್ಲಿ ಕೋಕ್, ಸಿಂಟರ್ (ಕಾಯಿಸಿ ಗಟ್ಟಿಮಾಡಿದ ಅದಿರಿನ ಪುಡಿ), ಪೆಲೆಟ್, ಕೊಂಡು ತಂದ ಮಧ್ಯಂತರ ವಸ್ತುಗಳು ಸೇರುತ್ತವೆ. ಗಣಿಗಾರಿಕೆ ಮತ್ತು ಸಾಗಣೆ ಸೇರುವುದಿಲ್ಲ. ಕಟ್ಟಡ ಸಾಮಗ್ರಿಗಳಿಗೆ ಇಎನ್ 15804 ಪ್ರಕಾರ ಮಾಡುವ ಪರಿಸರ ಘೋಷಣೆ ಅಂದರೆ ಇಪಿಡಿಯಲ್ಲಿ ಎ1ರಿಂದ ಎ3ರವರೆಗಿನ ಭಾಗ ಗಣಿಯಿಂದಲೇ ಶುರುವಾಗುತ್ತದೆ. ಹಾಗಾಗಿ ನಿಮ್ಮ 1.9 ನಕ್ಷತ್ರ ಲೆಕ್ಕದ್ದಾಗಿ, 2.4 ಇಪಿಡಿಯದ್ದಾಗಿದ್ದರೆ ಎರಡನ್ನೂ ಒಂದೇ ಕೋಷ್ಟಕದಲ್ಲಿ ಇಡುವಂತಿಲ್ಲ.

ಭಾಜಕವನ್ನೂ ನೋಡಿ. ಕಚ್ಚಾ ಉಕ್ಕಿನ ಟನ್ನಿಗೋ, ಉರುಳಿಸಿ ಮುಗಿಸಿದ ಕಂಬಿಯ ಟನ್ನಿಗೋ? ರೋಲಿಂಗಿನಲ್ಲಿ ತುದಿ ಕತ್ತರಿಸಿ, ಹೊಪ್ಪಳಿಕೆ ಉದುರಿ ಶೇ 3ರಿಂದ 5 ಕಳೆಯುತ್ತದೆ, ಕಾಯಿಸುವ ಇಂಧನ ಬೇರೆ. ಇನ್ನೊಂದು ಸೂಕ್ಷ್ಮ: ಸಿಒ2 ಮಾತ್ರವೋ, ಮೀಥೇನೂ ಸೇರಿದೆಯೋ? ಕಲ್ಲಿದ್ದಲ ಗಣಿಯಿಂದ ಸೋರುವ ಒಂದು ಕೆಜಿ ಮೀಥೇನ್ 100 ವರ್ಷದ ಲೆಕ್ಕದಲ್ಲಿ 29.8 ಕೆಜಿ ಸಿಒ2ಗೆ ಸಮ, 20 ವರ್ಷದ ಲೆಕ್ಕದಲ್ಲಿ 82.5 ಕೆಜಿಗೆ. ನಮ್ಮ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲು ಆಮದು. ಗಣಿಯ ಮೀಥೇನ್ ಆಸ್ಟ್ರೇಲಿಯಾದಲ್ಲಿ ಸೋರಿದರೂ ಎಲ್‌ಸಿಎಯಲ್ಲಿ ಅದು ನಮ್ಮ ಕಂಬಿಯ ಖಾತೆಗೇ ಬರಬೇಕು.

ನಿಮ್ಮ ಅಂಕಿಯನ್ನು ಒರೆಗೆ ಹಚ್ಚಲು ಸ್ಥೂಲ ಅಳತೆಗಳು ಬೇಕಿದ್ದರೆ ಇಲ್ಲಿವೆ: ಊದುಕುಲುಮೆ (ಬ್ಲಾಸ್ಟ್ ಫರ್ನೇಸ್, ಕೋಕಿನಿಂದ ಅದಿರು ಕರಗಿಸುವುದು) ಮಾರ್ಗದಲ್ಲಿ ಟನ್ನಿಗೆ ಸುಮಾರು 2.3 ಟನ್, ನೈಸರ್ಗಿಕ ಅನಿಲದ ಸ್ಪಾಂಜ್ ಐರನ್ ಮಾರ್ಗದಲ್ಲಿ ಸುಮಾರು 1.4, ಗುಜರಿಯನ್ನು ಕರೆಂಟಿನ ಆರ್ಕ್ ಫರ್ನೇಸಿನಲ್ಲಿ ಕರಗಿಸಿದರೆ ಸುಮಾರು 0.7. ಇವು ಜಾಗತಿಕ ಸರಾಸರಿ. ಭಾರತದ ಒಟ್ಟು ಸರಾಸರಿ 2.5ರ ಆಸುಪಾಸು. ಊದುಕುಲುಮೆ ಮಾರ್ಗದ ಉಕ್ಕಿಗೆ ಯಾರಾದರೂ 1.2 ಅಂತ ಹೇಳಿದರೆ ಗೆರೆ ಎಲ್ಲೋ ಒಳಕ್ಕೆ ಸರಿದಿದೆ ಅಂತಲೇ ಅರ್ಥ.

ಪ್ರಶ್ನೆ: ನಮ್ಮದು ಇಂಡಕ್ಷನ್ ಫರ್ನೇಸ್ (ಕರೆಂಟಿನ ಕುಲುಮೆ) ಘಟಕ. ಸ್ಪಾಂಜ್ ಐರನ್ ಮತ್ತು ಗುಜರಿ ಸೇರಿಸಿ ಬಿಲ್ಲೆಟ್ (ಕಂಬಿ ಉರುಳಿಸುವ ಉಕ್ಕಿನ ದಿಮ್ಮಿ) ಮಾಡುತ್ತೇವೆ. ಖರೀದಿದಾರರು ಎಲ್‌ಸಿಎ ಕೇಳುತ್ತಿದ್ದಾರೆ. ಕನ್ಸಲ್ಟೆಂಟ್ ಕರೆಯುವ ಮುಂಚೆ ನಾವೇ ಏನು ಮಾಡಿಕೊಳ್ಳಬಹುದು? ಇದರಿಂದ ನಮಗೇನಾದರೂ ಉಪಯೋಗ ಉಂಟೆ?
(ಉತ್ಪಾದನಾ ವ್ಯವಸ್ಥಾಪಕರು, ಮಾಲೂರು)

ಉತ್ತರ: ಬಹುಪಾಲು ಕೆಲಸ ನಿಮ್ಮ ವೇಬ್ರಿಡ್ಜ್ ಪುಸ್ತಕ, ಕರೆಂಟ್ ಬಿಲ್ಲು ಮತ್ತು ಹೀಟ್ (ಒಂದು ಸಲದ ಕರಗಿಸುವಿಕೆ) ಲಾಗ್‌ನಲ್ಲೇ ಇದೆ. ಕನ್ಸಲ್ಟೆಂಟ್ ಬಂದು ಮೊದಲ ತಿಂಗಳು ಮಾಡುವುದೂ ಅದನ್ನೇ ಕೇಳುವುದು.

ಹನ್ನೆರಡು ತಿಂಗಳ ದಾಖಲೆ ತೆಗೆಯಿರಿ. ಒಂದು ಒಳ್ಳೆಯ ತಿಂಗಳನ್ನು ಆರಿಸಿಕೊಳ್ಳಬೇಡಿ, ಲೈನಿಂಗ್ ಬದಲಾಯಿಸಿದ ದಿನಗಳು, ತಣ್ಣಗಿನ ಕುಲುಮೆ ಮತ್ತೆ ಹಚ್ಚಿದ ಹೀಟುಗಳು, ಕರೆಂಟ್ ಹೋಗಿ ಲೋಹ ಹೆಪ್ಪುಗಟ್ಟಿದ್ದು ಎಲ್ಲ ಸರಾಸರಿಯಲ್ಲಿ ಸೇರಬೇಕು. ಘಟಕ ಅಳತೆ ‘ಒಂದು ಟನ್ ಒಳ್ಳೆಯ ಬಿಲ್ಲೆಟ್’ ಎಂದಿರಲಿ, ಕರಗಿಸಿದ ಲೋಹದ ಟನ್ ಅಲ್ಲ.

ಉದಾಹರಣೆಗೆ ಒಂದು ಟನ್ ಬಿಲ್ಲೆಟ್ಟಿಗೆ 600 ಕೆಜಿ ಸ್ಪಾಂಜ್, 530 ಕೆಜಿ ಗುಜರಿ, 10 ಕೆಜಿ ಸಿಲಿಕೋ ಮ್ಯಾಂಗನೀಸ್ (ಉಕ್ಕಿಗೆ ಬೆರೆಸುವ ಮಿಶ್ರಲೋಹ), 720 ಯೂನಿಟ್ ಕರೆಂಟ್ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಹೊಗೆಯ ಲೆಕ್ಕಕ್ಕೆ ಮುಂಚೆ ಕಬ್ಬಿಣದ ಲೆಕ್ಕ ಕೂಡಿಸಿ. ಸ್ಪಾಂಜಿನಲ್ಲಿ ಒಟ್ಟು ಕಬ್ಬಿಣ ಶೇ 90 ಇದ್ದರೆ 540 ಕೆಜಿ, ಗುಜರಿಯಲ್ಲಿ ಶೇ 97ರಂತೆ 514 ಕೆಜಿ, ಒಳಗೆ ಬಂದದ್ದು 1,054. ಬಿಲ್ಲೆಟ್ಟಿನಲ್ಲಿ ಹೋದದ್ದು 985. ಉಳಿದ 69 ಕೆಜಿ ಎಲ್ಲಿ? ಟನ್ನಿಗೆ 120 ಕೆಜಿ ಕಿಟ್ಟ (ಸ್ಲ್ಯಾಗ್, ಕರಗಿದ ಲೋಹದ ಮೇಲೆ ತೇಲುವ ಕಲ್ಮಶ) ಬರುತ್ತಿದ್ದು ಅದರಲ್ಲಿ ಶೇ 42 ಕಬ್ಬಿಣ ಇದ್ದರೆ ಅಲ್ಲೇ 50 ಕೆಜಿ ಸಿಕ್ಕಿತು. ಮಿಕ್ಕ 19 ಧೂಳು, ಲ್ಯಾಡಲ್ ತಳದ ಗಟ್ಟಿ, ಚೆಲ್ಲಿದ್ದು. ಇಷ್ಟು ಹೊಂದಿದರೆ ನಿಮ್ಮ ದಾಖಲೆ ನಂಬಬಹುದು. 100 ಕೆಜಿಗಿಂತ ಹೆಚ್ಚು ಕಾಣೆಯಾದರೆ ಹೊಗೆಯ ಲೆಕ್ಕಕ್ಕೆ ಕೈಹಾಕಬೇಡಿ, ತಕ್ಕಡಿಯನ್ನು ನೋಡಿ. ಸಾಮಾನ್ಯವಾಗಿ ಸಿಗುವ ತಪ್ಪು ಎರಡು: ಗುಜರಿಯ ಮಣ್ಣು, ತೇವ, ಪೇಂಟು ಕಳೆಯದೆ ಲಾರಿ ತೂಕವನ್ನೇ ಬರೆದಿರುತ್ತಾರೆ, ಅಥವಾ ಸ್ವಂತ ತುದಿ ತುಂಡುಗಳನ್ನು ಮತ್ತೆ ಕುಲುಮೆಗೆ ಹಾಕಿದ್ದನ್ನು ‘ಕೊಂಡ ಗುಜರಿ’ ಜೊತೆ ಕೂಡಿಸಿ ಮರುಬಳಕೆ ಪ್ರಮಾಣ ಹಿಗ್ಗಿಸಿರುತ್ತಾರೆ. ಎರಡನೆಯದು ತಿಳಿಯದೆ ಆದರೂ ಪರಿಶೀಲಕರ ಕಣ್ಣಿಗೆ ವಂಚನೆಯಂತೆ ಕಾಣುತ್ತದೆ.

ಈಗ ಹೊಗೆ. ಗ್ರಿಡ್ ಕರೆಂಟಿಗೆ ಯೂನಿಟ್ಟಿಗೆ ಸುಮಾರು 0.72 ಕೆಜಿ ಸಿಒ2. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಈ ಅಂಕಿ ಪ್ರಕಟಿಸುತ್ತದೆ, ನಿಮ್ಮ ದಾಖಲೆಯ ವರ್ಷದ್ದನ್ನೇ ಬಳಸಿ. 720 ಯೂನಿಟ್ಟಿಗೆ ಸುಮಾರು 520 ಕೆಜಿ. ಸಿಲಿಕೋ ಮ್ಯಾಂಗನೀಸ್ ಕರಗಿಸುವುದಕ್ಕೇ ಟನ್ನಿಗೆ 4,000 ಯೂನಿಟ್ ಬೇಕು, ಜೊತೆಗೆ ಕೋಕಿನ ಇಂಗಾಲ. ನಿಮ್ಮ 10 ಕೆಜಿಯ ಪಾಲು 40 ಕೆಜಿ ಸಿಒ2ಯಷ್ಟು.

ದೊಡ್ಡ ಪಾಲು ಸ್ಪಾಂಜಿನದು. ಕಲ್ಲಿದ್ದಲ ಗೂಡಿನಲ್ಲಿ ಒಂದು ಟನ್ ಸ್ಪಾಂಜಿಗೆ 1.1 ಟನ್ ಕಲ್ಲಿದ್ದಲು, ಅದರಲ್ಲಿ ಅರ್ಧ ಇಂಗಾಲ ಅಂದುಕೊಂಡರೆ 550 ಕೆಜಿ. ಒಂದು ಕೆಜಿ ಇಂಗಾಲ ಸುಟ್ಟರೆ 3.67 ಕೆಜಿ ಸಿಒ2. ಅಂದರೆ ಟನ್ ಸ್ಪಾಂಜಿಗೆ 2 ಟನ್ ಸಿಒ2, ನಿಮ್ಮ 600 ಕೆಜಿಗೆ 1,200 ಕೆಜಿ. ಮೂರೂ ಕೂಡಿದರೆ ಬಿಲ್ಲೆಟ್ಟಿನ ಟನ್ನಿಗೆ ಸುಮಾರು 1,760. ಇದರ ಮೂರನೆಯ ಎರಡು ಭಾಗಕ್ಕೂ ಹೆಚ್ಚು ನಿಮ್ಮ ಗೇಟಿನ ಹೊರಗೆ, ಸ್ಪಾಂಜ್ ಗೂಡಿನಲ್ಲಿ ಹುಟ್ಟಿದ್ದು.

ನಿಮ್ಮ ‘ಉಪಯೋಗ ಏನು’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಶೆಡ್ಡಿಗೆ ಎಲ್‌ಇಡಿ ಹಾಕಿ ಫೋಟೋ ತೆಗೆಸಿಕೊಳ್ಳುವುದರಿಂದ ಈ ಅಂಕಿ ಅಲುಗದು. ಟನ್ನಿಗೆ 100 ಕೆಜಿ ಸ್ಪಾಂಜ್ ತೆಗೆದು ಆ ಜಾಗಕ್ಕೆ ಗುಜರಿ ಹಾಕಿದರೆ 200 ಕೆಜಿ ಸಿಒ2 ನೇರವಾಗಿ ಇಳಿಯುತ್ತದೆ, ಕಿಟ್ಟ ಕಡಿಮೆಯಾಗಿ ಕರೆಂಟೂ ಸ್ವಲ್ಪ ಉಳಿಯುತ್ತದೆ. ಗುಜರಿ ಸಿಗದಿದ್ದರೆ ಸ್ಪಾಂಜಿನ ಲೋಹೀಕರಣ, ಅಂದರೆ ಅದರ ಕಬ್ಬಿಣದಲ್ಲಿ ಎಷ್ಟು ಪಾಲು ನಿಜಕ್ಕೂ ಲೋಹವಾಗಿದೆ ಎಂದು ನೋಡಿ. ಅಗ್ಗದ ಸ್ಪಾಂಜಿನಲ್ಲಿ ಕಬ್ಬಿಣದ ಆಕ್ಸೈಡ್ ಮತ್ತು ಮಣ್ಣು ಜಾಸ್ತಿ, ಅದನ್ನೂ ಕರಗಿಸಿ ಕಿಟ್ಟವಾಗಿ ಎಸೆಯಲು ನೀವೇ ಕರೆಂಟು ಕೊಡುತ್ತೀರಿ. ರೋಲಿಂಗ್ ಮಿಲ್ ಪಕ್ಕದಲ್ಲೇ ಇದ್ದರೆ ಬಿಲ್ಲೆಟ್ಟನ್ನು ತಣ್ಣಗಾಗಲು ಬಿಡದೆ ಬಿಸಿಬಿಸಿಯಾಗಿ ಉರುಳಿಸಿ: ಮರುಕಾಯಿಸುವ ಕುಲುಮೆಗೆ ಟನ್ನಿಗೆ 35 ಲೀಟರ್ ಫರ್ನೇಸ್ ಆಯಿಲ್ ಹೋಗುತ್ತಿದ್ದರೆ ಸುಮಾರು 100 ಕೆಜಿ ಸಿಒ2 ಉಳಿಯಿತು, ಎಣ್ಣೆಯ ದುಡ್ಡೂ ಉಳಿಯಿತು. ಆದರೆ ಕ್ಯಾಸ್ಟರ್ (ಬಿಲ್ಲೆಟ್ ಎರಕದ ಯಂತ್ರ) ಮತ್ತು ಮಿಲ್ಲಿನ ವೇಗ ಹೊಂದದಿದ್ದರೆ ಬಿಲ್ಲೆಟ್ ದಾರಿಯಲ್ಲೇ ಆರುತ್ತದೆ, ರೋಲು ಮುರಿಯುತ್ತದೆ. ಈ ಯೋಜನೆ ಕೆಡುವುದು ಬಹುತೇಕ ಅಲ್ಲೇ.

ಸ್ಪಾಂಜ್ ಪೂರೈಕೆದಾರರಿಂದ ಕಲ್ಲಿದ್ದಲು ಎಷ್ಟು, ಅದರ ಇಂಗಾಲ ಎಷ್ಟು ಎಂಬ ಎರಡೇ ಅಂಕಿಯನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಕನ್ಸಲ್ಟೆಂಟ್ ಸಾಫ್ಟ್‌ವೇರಿನಲ್ಲಿರುವ ಯಾವುದೋ ಜಾಗತಿಕ ಸರಾಸರಿಯನ್ನು ತುಂಬುತ್ತಾರೆ. ಅದು ಅನಿಲದಿಂದ ಮಾಡಿದ ಸ್ಪಾಂಜಿನದಾಗಿದ್ದರೆ ನಿಮ್ಮ ವರದಿ ಸುಂದರವಾಗಿರುತ್ತದೆ, ಸುಳ್ಳೂ ಆಗಿರುತ್ತದೆ.

ಪ್ರಶ್ನೆ: 30×40 ಸೈಟಿನಲ್ಲಿ ನೆಲ ಮತ್ತು ಮೊದಲ ಮಹಡಿ ಕಟ್ಟಿಸುತ್ತಿದ್ದೇವೆ. ‘ಹಸಿರು’ ಕಂಬಿ ಅಂತ ಟನ್ನಿಗೆ ಹೆಚ್ಚು ರೇಟು ಹೇಳುತ್ತಿದ್ದಾರೆ. ಕೊಡಬೇಕೆ?
(ಗೃಹಿಣಿ, ಕೆಂಗೇರಿ)

ಉತ್ತರ: ಎರಡು ಸಾವಿರ ಚದರಡಿ ಮನೆಗೆ ಚದರಡಿಗೆ 4 ಕೆಜಿಯಂತೆ 8 ಟನ್ ಕಂಬಿ. ಟನ್ನಿಗೆ 2.4 ಹಿಡಿದರೆ 19 ಟನ್ ಸಿಒ2. ಅದೇ ಟನ್ನಿಗೆ 1 ಟನ್ ಸಿಒ2 ಬರುವ ಗುಜರಿ ಉಕ್ಕಾದರೆ 8 ಟನ್. ಆದ್ದರಿಂದ ವ್ಯತ್ಯಾಸ ನಿಜ, ಮೋಸವಲ್ಲ. ಅಂಗಡಿಯವರು ಬಾಯಲ್ಲಿ ಹೇಳಿದರೆ ಮಾತ್ರ ಸಾಲದು. ಇಪಿಡಿ ಕೇಳಿ, ಅದರ ಅವಧಿ 5 ವರ್ಷ, ಮುಗಿದಿದೆಯೇ ನೋಡಿ. ನಿಮಗೆ ಬರುವ ಸರಕು ಆ ಇಪಿಡಿಯಲ್ಲಿ ಹೆಸರಿಸಿದ ಕಾರ್ಖಾನೆಯದೇ ಎಂದು ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರಿನಿಂದ ತಾಳೆ ನೋಡಿ.

ಹಸಿರು ಅನ್ನುವುದಕ್ಕಿಂತ ಮುಂಚೆ ಅದು ಗಟ್ಟಿ ಕಂಬಿಯಾಗಿರಬೇಕು. ಐಎಸ್ 1786ರ 500ಡಿ ದರ್ಜೆಯಲ್ಲಿ ರಂಜಕ ಮತ್ತು ಗಂಧಕ ತಲಾ ಶೇ 0.040 ಮೀರಬಾರದು. ಸಾಮಾನ್ಯ ಸಿಲಿಕಾ ಲೈನಿಂಗಿನ ಇಂಡಕ್ಷನ್ ಫರ್ನೇಸ್ ರಂಜಕವನ್ನು ತೆಗೆಯಲಾರದು, ಹಾಕಿದ್ದೇ ಉಳಿಯುತ್ತದೆ. ಅದಕ್ಕೇ ಗುಜರಿ ಕಂಬಿಗೆ ಆ ಸರ್ಟಿಫಿಕೇಟನ್ನು ಇನ್ನಷ್ಟು ಗಮನವಿಟ್ಟು ಓದಬೇಕು.

ರೇಟಿಗಿಂತ ಮುಂಚೆ ವೇಸ್ಟೇಜ್ ಹಿಡಿಯಿರಿ. ಕಂಬಿ ಬರುವುದು 12 ಮೀಟರ್ ಉದ್ದ. ಬಾರ್ ಬೆಂಡಿಂಗ್ ಪಟ್ಟಿ ಇಲ್ಲದೆ ಮೇಸ್ತ್ರಿ ಅಂದಾಜಿಗೆ ಕತ್ತರಿಸಿದರೆ ಶೇ 5 ಚೂರಾಗುವುದು ಸಾಮಾನ್ಯ: 400 ಕೆಜಿ ಕಂಬಿ, ಒಂದು ಟನ್ನಿನಷ್ಟು ಸಿಒ2, ಗುಜರಿ ಬೆಲೆಗೆ ಮಾರಾಟ. ಎಂಜಿನಿಯರಿಂದ ಪಟ್ಟಿ ಬರೆಸಿ, ಉದ್ದ ತುಂಡು ಮೊದಲು ಕತ್ತರಿಸಿ, ಉಳಿದ ಚೂರಿನಲ್ಲಿ ರಿಂಗು, ಚೇರು ಮಾಡಿಸಿ. ಇಳಿಸಿಕೊಳ್ಳುವಾಗ ತೂಕ ನೋಡಿ. ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. 12 ಮಿ.ಮೀ. ಕಂಬಿಗೆ 0.89, ಪೂರ್ತಿ ಕಂಬಿಗೆ 10.67 ಕೆಜಿ, ಶೇ 5 ಆಚೀಚೆ ಇರಬಹುದು. ಎಂಜಿನಿಯರ್ ಹೇಳಿದ್ದಕ್ಕಿಂತ ಕಂಬಿ ಕಡಿಮೆ ಮಾತ್ರ ಮಾಡಬೇಡಿ. ‘ಇರಲಿ ಬಿಡಿ ಸೇಫ್ಟಿಗೆ’ ಅಂತ ಮೇಸ್ತ್ರಿ ಸೇರಿಸುವ ಹೆಚ್ಚುವರಿ ಕಂಬಿಯೂ ಬೇಡ, ತೊಲೆಯಲ್ಲಿ ಕಂಬಿ ಕಿಕ್ಕಿರಿದರೆ ಕಾಂಕ್ರೀಟ್ ಒಳಗೆ ಇಳಿಯದೆ ಜೇನುಗೂಡಾಗುತ್ತದೆ.

ಅಂದಹಾಗೆ, ಅದೇ ಮನೆಗೆ 800 ಮೂಟೆ ಸಿಮೆಂಟ್ ಬೇಕು, ಅಂದರೆ 40 ಟನ್. ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ಹಾಕಿದರೂ 24 ಟನ್ ಸಿಒ2, ಕಂಬಿಗಿಂತ ಹೆಚ್ಚು. ಇಷ್ಟೆಲ್ಲ ಹೊಗೆಯನ್ನು ಮನೆ ನಿಲ್ಲುವ ವರ್ಷಗಳಿಂದ ಭಾಗಿಸಬೇಕು. ಬೆಂಗಳೂರಿನಲ್ಲಿ 25 ವರ್ಷದ ಗಟ್ಟಿಮುಟ್ಟು ಮನೆಯನ್ನೂ ಕೆಡವಿ ನಾಲ್ಕು ಮಹಡಿ ಎಬ್ಬಿಸುವುದು ದಿನನಿತ್ಯದ ನೋಟ. 60 ವರ್ಷ ನಿಲ್ಲಬೇಕಿದ್ದ ಮನೆ 25ಕ್ಕೇ ಬಿದ್ದರೆ ವರ್ಷದ ಪಾಲು ಎರಡು ಪಟ್ಟು ಮೀರುತ್ತದೆ, ಕಂಬಿ ಎಷ್ಟೇ ಹಸಿರಾಗಿರಲಿ. ಮುಂದೆ ಮಹಡಿ ಏರಿಸುವ ಯೋಚನೆ ಇದ್ದರೆ ಪಾಯ ಮತ್ತು ಕಂಬಗಳನ್ನು ಈಗಲೇ ಅದಕ್ಕೆ ಲೆಕ್ಕ ಹಾಕಿಸಿ.

ಪ್ರಶ್ನೆ: ಕಾಂಕ್ರೀಟಿನಲ್ಲಿ ಅರ್ಧ ಸಿಮೆಂಟ್ ಬದಲು ಊದುಕುಲುಮೆಯ ಕಿಟ್ಟದ ಪುಡಿ ಬಳಸಿ ಸಿಒ2 ಉಳಿಸಿದೆ ಎಂದು ತೋರಿಸುತ್ತೇನೆ. ಉಕ್ಕಿನ ಕಂಪನಿಯೂ ಅದೇ ಕಿಟ್ಟಕ್ಕೆ ತನ್ನ ಹೊಗೆಯ ಲೆಕ್ಕದಲ್ಲಿ ರಿಯಾಯಿತಿ ತೆಗೆದುಕೊಂಡಿದೆಯಂತೆ. ಪುಣ್ಯ ಯಾರದು?
(ಸ್ಟ್ರಕ್ಚರಲ್ ಎಂಜಿನಿಯರ್, ಜಯನಗರ)

ಉತ್ತರ: ಇಬ್ಬರದೂ ಆಗುವಂತಿಲ್ಲ, ಆದರೆ ಕಾಗದದಲ್ಲಿ ಇಬ್ಬರದೂ ಆಗಿಬಿಡುತ್ತದೆ. ನಮ್ಮ ಅದಿರಿನಲ್ಲಿ ಅಲ್ಯೂಮಿನಾ, ಕೋಕಿನಲ್ಲಿ ಬೂದಿ ಜಾಸ್ತಿ. ಆದ್ದರಿಂದ ಒಂದು ಟನ್ ಕಬ್ಬಿಣಕ್ಕೆ 300ರಿಂದ 400 ಕೆಜಿ ಕಿಟ್ಟ. ಒಂದು ಟನ್ ಕ್ಲಿಂಕರಿಗೆ (ಪುಡಿಮಾಡಿದರೆ ಸಿಮೆಂಟಾಗುವ ಸುಟ್ಟ ಉಂಡೆ) ಸುಮಾರು 0.85 ಟನ್ ಸಿಒ2. 350 ಕೆಜಿ ಕಿಟ್ಟ ಅಷ್ಟೇ ಕ್ಲಿಂಕರಿನ ಜಾಗ ತುಂಬಿದರೆ 300 ಕೆಜಿ ಉಳಿತಾಯ, ರುಬ್ಬುವ ಕರೆಂಟಿಗೆ 15 ಕೆಜಿ ಕಳೆಯಿರಿ.

ಐಎಸ್‌ಒ 14044 ಹೇಳುವ ಕ್ರಮ ಹೀಗೆ: ಸಾಧ್ಯವಾದರೆ ಹಂಚಿಕೆಯನ್ನೇ (ಒಂದೇ ಪ್ರಕ್ರಿಯೆಯ ಹೊಗೆಯನ್ನು ಅದರ ಹಲವು ಉತ್ಪನ್ನಗಳಿಗೆ ಪಾಲು ಮಾಡುವುದು) ತಪ್ಪಿಸಿ, ಪ್ರಕ್ರಿಯೆಯನ್ನು ಬಿಡಿಸಿ ಅಥವಾ ವ್ಯವಸ್ಥೆಯನ್ನು ಹಿಗ್ಗಿಸಿ. ಆಗದಿದ್ದರೆ ಭೌತಿಕ ಸಂಬಂಧದ ಮೇಲೆ, ಅದೂ ಆಗದಿದ್ದರೆ ಬೆಲೆಯಂಥ ಬೇರೆ ಆಧಾರದ ಮೇಲೆ ಹಂಚಿ. ಉಕ್ಕಿನವರಿಗೆ ಹಿಗ್ಗಿಸುವ ದಾರಿ ಇಷ್ಟ, 300 ಕೆಜಿ ಪೂರ್ತಿ ಅವರ ಖಾತೆಗೆ ಬೀಳುತ್ತದೆ. ಸಿಮೆಂಟಿನವರಿಗೆ ಕಿಟ್ಟ ‘ತ್ಯಾಜ್ಯ’ ಆಗಿರುವುದು ಇಷ್ಟ, ಆಗ ಅದು ಹೊರೆಯಿಲ್ಲದೆ ಬರುತ್ತದೆ. ಇಎನ್ 15804 ಪ್ರಕಾರ ಕಿಟ್ಟ ಸಹ ಉತ್ಪನ್ನ, ಬೆಲೆಗೆ ತಕ್ಕ ಸ್ವಲ್ಪ ಹೊರೆ ಅದರ ಜೊತೆ ಹೋಗಬೇಕು. ನಮ್ಮ ಪಕ್ಷಪಾತ ಇದರ ಕಡೆಗೆ, ಏಕೆಂದರೆ ಇದರಲ್ಲಿ ಎರಡು ಸಲ ಎಣಿಸಲು ಜಾಗ ಕಡಿಮೆ. ನಿಮ್ಮ ಕಟ್ಟಡದ ಲೆಕ್ಕದಲ್ಲಿ ಕಂಬಿ ಮತ್ತು ಕಿಟ್ಟದ ಪುಡಿ ಎರಡೂ ಇರುವುದರಿಂದ ಎರಡಕ್ಕೂ ಒಂದೇ ನಿಯಮದ ಇಪಿಡಿ ಬೇಕು. ಸಿಗದಿದ್ದರೆ ರಿಯಾಯಿತಿ ಸಹಿತ, ರಿಯಾಯಿತಿ ರಹಿತ ಎಂದು ಎರಡೂ ಉತ್ತರ ತೋರಿಸಿ.

ಇನ್ನೊಂದು: ಕುಲುಮೆಯಿಂದ ಬಂದ ಕಿಟ್ಟವನ್ನು ನೀರು ಹಾಯಿಸಿ ತಟ್ಟನೆ ಆರಿಸಿದರೆ ಮಾತ್ರ ಮರಳಿನಂಥ ಗಾಜಾಗಿ ಸಿಮೆಂಟಿನ ಗುಣ ಬರುತ್ತದೆ. ಗುಂಡಿಯಲ್ಲಿ ಗಾಳಿಗೆ ಆರಿದ್ದು ರಸ್ತೆಗೆ ಜಲ್ಲಿಯಾದೀತು, ಕ್ಲಿಂಕರಿನ ಜಾಗ ತುಂಬದು. ಅದಕ್ಕೂ ಅದೇ ರಿಯಾಯಿತಿ ತೆಗೆದುಕೊಂಡಿದ್ದರೆ ತಪ್ಪು ಲೆಕ್ಕ.

ಪ್ರಶ್ನೆ: ಜಲಜನಕದಿಂದ ಕಬ್ಬಿಣ ಮಾಡಿದರೆ ಹೊಗೆಯ ಬದಲು ನೀರಾವಿ ಬರುತ್ತದಲ್ಲ, ಮತ್ತೇಕೆ ತಡ?
(ನಿವೃತ್ತ ಅಧ್ಯಾಪಕರು, ಮಲ್ಲೇಶ್ವರ)

ಉತ್ತರ: ಕುಲುಮೆಯ ಬಾಯಲ್ಲಿ ನೀರಾವಿಯೇ ಸರಿ ಮೇಷ್ಟ್ರೇ. ಆದರೆ ಜಲಜನಕ ಎಲ್ಲಿಂದ ಬಂತು? ರಾಸಾಯನಿಕ ಸಮೀಕರಣದ ಪ್ರಕಾರ ಒಂದು ಟನ್ ಕಬ್ಬಿಣಕ್ಕೆ 54 ಕೆಜಿ ಜಲಜನಕ. ನೀರನ್ನು ಒಡೆದು ಒಂದು ಕೆಜಿ ತೆಗೆಯಲು 50ರಿಂದ 55 ಯೂನಿಟ್, ಒಟ್ಟು 2,800 ಯೂನಿಟ್. ಆಮೇಲೆ ಆರ್ಕ್ ಫರ್ನೇಸಿಗೆ 500. ಹೀಗೆ 3,300 ಯೂನಿಟ್ಟನ್ನು ನಮ್ಮ ಗ್ರಿಡ್ಡಿನ 0.72ರಿಂದ ಗುಣಿಸಿ: ಸುಮಾರು 2.4 ಟನ್ ಸಿಒ2. ಊದುಕುಲುಮೆಯದು 2.3 ಇತ್ತು! ಹೊಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಯಿಂದ ರಾಯಚೂರಿನ ಕಲ್ಲಿದ್ದಲ ವಿದ್ಯುತ್ ಕೇಂದ್ರದ ಚಿಮಣಿಗೆ ಸ್ಥಳಾಂತರವಾಯಿತು, ಅಷ್ಟೆ. ಕಾರ್ಖಾನೆಯ ಗೇಟಿಗೆ ಗೆರೆ ಎಳೆದವರಿಗೆ ಇದು ಕಾಣುವುದಿಲ್ಲ, ಎಲ್‌ಸಿಎ ಮಾಡಿದವರಿಗೆ ಮೊದಲ ದಿನವೇ ಕಾಣುತ್ತದೆ.

ಅದೇ 3,300 ಯೂನಿಟ್ ಸೌರ ವಿದ್ಯುತ್ತಾದರೆ, ಫಲಕ ತಯಾರಿಕೆಯನ್ನೂ ಸೇರಿಸಿ ಯೂನಿಟ್ಟಿಗೆ 40 ಗ್ರಾಂ ಹಿಡಿದರೂ 130 ಕೆಜಿ ಮಾತ್ರ. ಸ್ವೀಡನ್ನಿನ ಲೂಲಿಯೊದಲ್ಲಿ 2020ರಲ್ಲಿ ಪ್ರಾಯೋಗಿಕ ಘಟಕ ಶುರುವಾದದ್ದಕ್ಕೆ ಅಲ್ಲಿನ ಜಲವಿದ್ಯುತ್ತೇ ದೊಡ್ಡ ಬಲ. ನಮ್ಮಲ್ಲಿ ಬಿಸಿಲಿದೆ, ರಾತ್ರಿ ಹೊತ್ತು ಅದಿಲ್ಲ. ವರ್ಷಕ್ಕೆ ಬೇಕಾದಷ್ಟು ಸೌರ ಯೂನಿಟ್ ಕೊಂಡಿದ್ದೇವೆ ಎಂದು ಕಾಗದ ತೋರಿಸಿ ರಾತ್ರಿಯೆಲ್ಲ ಕಲ್ಲಿದ್ದಲ ಕರೆಂಟಿನಲ್ಲಿ ನೀರು ಒಡೆದರೆ ವಾತಾವರಣಕ್ಕೆ ಆ ಕಾಗದ ಗೊತ್ತಾಗುವುದಿಲ್ಲ. ಗಂಟೆ ಗಂಟೆಗೂ ಹೊಂದಿಸಬೇಕು, ಇಲ್ಲವೇ ಜಲಜನಕ ಕೂಡಿಡುವ ಟ್ಯಾಂಕು ಬೇಕು. ತಡವಾಗಿರುವುದು ಮುಖ್ಯವಾಗಿ ಆ ಖರ್ಚಿನಿಂದ. ಅದಿರಿನ ತೊಡಕೂ ಉಂಟು: ಈ ಮಾರ್ಗಕ್ಕೆ ಶೇ 67 ಕಬ್ಬಿಣದ ಪೆಲೆಟ್ ಬೇಕು, ಅದಿರನ್ನು ನುಣ್ಣಗೆ ಅರೆದು ತೊಳೆಯಬೇಕು. ಅರೆಯುವ ಕರೆಂಟು, ತೊಳೆಯುವ ನೀರು, ಉಳಿಯುವ ಕೆಸರು ಎಲ್ಲ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ: ನಾವು ಗುಜರಿ ವ್ಯಾಪಾರಿಗಳು. ನಾವು ಕಳಿಸುವ ಒಂದು ಟನ್ನಿನಿಂದ ಎಷ್ಟು ಉಳಿಯುತ್ತದೆ? ಅದರ ಪಾಲು ನಮಗೂ ಸಿಗಬೇಕಲ್ಲವೆ?
(ಜಾಲಿ ಮೊಹಲ್ಲಾ)

ಉತ್ತರ: ಜಾಗತಿಕ ಉಕ್ಕು ಸಂಘಟನೆಯ ಅಂದಾಜಿನಲ್ಲಿ ಒಂದು ಟನ್ ಗುಜರಿ 1.4 ಟನ್ ಅದಿರು, 740 ಕೆಜಿ ಕಲ್ಲಿದ್ದಲು, 120 ಕೆಜಿ ಸುಣ್ಣಕಲ್ಲು ಮತ್ತು 1.5 ಟನ್ ಸಿಒ2 ಉಳಿಸುತ್ತದೆ. ಪಾಲಿನ ವಿಷಯಕ್ಕೆ ಬಂದರೆ, ಲೆಕ್ಕದಲ್ಲಿ ಎರಡು ಪದ್ಧತಿ. ಒಂದರಲ್ಲಿ ಗುಜರಿ ಹೊರೆಯಿಲ್ಲದೆ ಬರುತ್ತದೆ, ಲಾಭವೆಲ್ಲ ಕರಗಿಸುವವನದು. ಇನ್ನೊಂದರಲ್ಲಿ ಮುಂದೆ ಗುಜರಿ ಕೊಡುವ ಹೊಸ ಉಕ್ಕಿಗೆ ರಿಯಾಯಿತಿ, ಇಪಿಡಿಯಲ್ಲಿ ಅದು ‘ಡಿ’ ಎಂಬ ಪ್ರತ್ಯೇಕ ಸಾಲು. ಅದನ್ನು ಎ1ರಿಂದ ಎ3ರ ಮೊತ್ತದಲ್ಲಿ ಕಳೆಯುವುದು ನಿಷಿದ್ಧ, ಆದರೂ ಕಳೆದು ತೋರಿಸುವವರಿದ್ದಾರೆ. ಎರಡರಲ್ಲೂ ವ್ಯಾಪಾರಿಗೆ ಸಾಲಿಲ್ಲ, ನಿಮಗೆ ಸಿಗುವುದು ಬೆಲೆಯಲ್ಲೇ.

ಬೆಲೆ ಏರಿಸುವ ದಾರಿ ವಿಂಗಡಣೆ. ಮೋಟಾರಿನ ಸುತ್ತು ತಂತಿ, ಕಾರಿನ ವೈರಿಂಗ್ ಕಬ್ಬಿಣದ ಜೊತೆ ಉಳಿದರೆ ತಾಮ್ರ ಉಕ್ಕಿನಲ್ಲಿ ಕರಗುತ್ತದೆ. ಒಮ್ಮೆ ಕರಗಿದ ತಾಮ್ರವನ್ನು ಕುಲುಮೆ ಬಿಡಿಸಲಾರದು, ಉರುಳಿಸುವಾಗ ಮೈಮೇಲೆ ಬಿರುಕು ಬರುತ್ತದೆ. ಅಂಥ ಬ್ಯಾಚಿಗೆ ಮಿಲ್ಲು ಸ್ಪಾಂಜ್ ಸೇರಿಸಿ ತಾಮ್ರವನ್ನು ತೆಳುವಾಗಿಸುತ್ತದೆ. ಆ ಸ್ಪಾಂಜಿನ ಹೊಗೆ ಎಷ್ಟೆಂದು ಮೇಲೆ ಮಾಲೂರಿನವರಿಗೆ ಹೇಳಿದ್ದೇವೆ.

ಪ್ರಶ್ನೆ: ಯುರೋಪಿಗೆ ಬೋಲ್ಟ್ ಕಳಿಸುತ್ತೇವೆ. ಅಲ್ಲಿನ ಗಡಿ ಇಂಗಾಲ ತೆರಿಗೆಗೆ ಎಲ್‌ಸಿಎ ಮಾಡಿಸಿ, ಸೋಲಾರ್ ಹಾಕಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ. ಸರಿಯೆ?
(ಸಣ್ಣ ಕೈಗಾರಿಕೆ, ಪೀಣ್ಯ)

ಉತ್ತರ: ಎರಡನ್ನೂ ಮಾಡಿಸಬಹುದು, ಆದರೆ ಆ ತೆರಿಗೆಗಾಗಿ ಅಲ್ಲ. ಸಿಬಿಎಎಂ ಎಂಬ ಹೆಸರಿನ ಆ ತೆರಿಗೆ 2023ರ ಅಕ್ಟೋಬರಿನಲ್ಲಿ ವರದಿ ಹಂತದಲ್ಲಿ ಶುರುವಾಗಿ 2026ರ ಜನವರಿಯಿಂದ ಪೂರ್ಣ ಜಾರಿಗೆ ಬಂದಿದೆ. ಸದ್ಯದ ನಿಯಮದಲ್ಲಿ ಕಬ್ಬಿಣ ಮತ್ತು ಉಕ್ಕಿಗೆ ನೇರ ಹೊಗೆ ಮಾತ್ರ ಲೆಕ್ಕ. ಕರೆಂಟಿನದು ಸೇರದು, ಗಣಿ ಸೇರದು, ಸಾಗಣೆ ಸೇರದು. ಸೋಲಾರಿನಿಂದ ನಿಮ್ಮ ಬಿಲ್ಲು ಇಳಿಯುತ್ತದೆ, ಎಲ್‌ಸಿಎ ಅಂಕಿ ಇಳಿಯುತ್ತದೆ, ಸಿಬಿಎಎಂ ಅಂಕಿ ಇದ್ದಲ್ಲೇ ಇರುತ್ತದೆ.

ಒಂದು ಟನ್ ಬೋಲ್ಟಿಗೆ 1,080 ಕೆಜಿ ವೈರ್ ರಾಡ್, ಅದರ ನೇರ ಹೊಗೆ ಟನ್ನಿಗೆ 2.2 ಎಂದಿದ್ದರೆ 2,376 ಕೆಜಿ. ನಿಮ್ಮ ಹೀಟ್ ಟ್ರೀಟ್‌ಮೆಂಟಿಗೆ 40 ಕೆಜಿ ಎಲ್‌ಪಿಜಿ, 120 ಕೆಜಿ. ಶೇ 95 ವೈರ್ ರಾಡಿನಲ್ಲೇ ಇದೆ. ಆದ್ದರಿಂದ ನಿಮ್ಮ ನಿಜವಾದ ಕೆಲಸ ಮಿಲ್ಲಿನಿಂದ ಪರಿಶೀಲಿತ ಅಂಕಿ ತರಿಸುವುದು. ಟ್ರೇಡರ್ ಕೈಯಿಂದ ಕೊಂಡರೆ ಸರ್ಟಿಫಿಕೇಟಿನಲ್ಲಿ ಹೀಟ್ ನಂಬರ್ ಇರುತ್ತದೆ, ಯಾವ ಮಾರ್ಗದ ಉಕ್ಕು ಎಂದಿರುವುದಿಲ್ಲ. ಅಂಕಿ ಇಲ್ಲದಿದ್ದರೆ ಯುರೋಪಿನವರು ತಮ್ಮ ಪೂರ್ವನಿಗದಿತ ಮೌಲ್ಯ ಹಾಕುತ್ತಾರೆ, ಅದರ ಮೇಲೆ ಹೆಚ್ಚುವರಿಯೂ ಉಂಟು. ವರ್ಷಕ್ಕೆ 50 ಟನ್ ಒಳಗಿನ ಆಮದಿಗೆ ವಿನಾಯಿತಿ ಇದೆ. ಅದು ನಿಮ್ಮ ರಫ್ತಿನ ಮಿತಿಯಲ್ಲ, ಆ ಆಮದುದಾರ ಎಲ್ಲರಿಂದ ತರಿಸುವ ಒಟ್ಟು ತೂಕದ ಮಿತಿ.

ಪ್ರಶ್ನೆ: ಹತ್ತಿರದ ಉಕ್ಕು ಕೊಂಡರೆ ಹೊಗೆ ಕಡಿಮೆ ಎನ್ನುತ್ತಾರೆ. ಹಾಗೆಯೇ, ಭದ್ರಾವತಿಯಲ್ಲಿ ಹಿಂದೆ ಇದ್ದಿಲಿನಿಂದ ಕಬ್ಬಿಣ ಮಾಡುತ್ತಿದ್ದರಲ್ಲ, ಅದನ್ನು ಹಸಿರು ಎನ್ನಬಹುದೆ?
(ಓದುಗರು, ರಾಜಾಜಿನಗರ)

ಉತ್ತರ: ತೋರಣಗಲ್ಲಿನಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಲಾರಿಯಲ್ಲಿ ಟನ್ನಿಗೆ ಕಿಲೋಮೀಟರಿಗೆ 80 ಗ್ರಾಂ ಹಿಡಿದರೆ 24 ಕೆಜಿ, ಉಕ್ಕಿನ ಹೊಗೆಯಲ್ಲಿ ಶೇ 1. ಸಾವಿರ ಕಿ.ಮೀ. ದೂರದ ಗುಜರಿ ಉಕ್ಕು ಪಕ್ಕದೂರಿನ ಊದುಕುಲುಮೆ ಉಕ್ಕಿಗಿಂತ ಈ ಲೆಕ್ಕದಲ್ಲಿ ಮುಂದೆ. ತರಕಾರಿಗೆ ಹೇಳುವ ಮಾತನ್ನು ಉಕ್ಕಿಗೆ ಹೇಳಲಾಗದು.

ಭದ್ರಾವತಿಯ ಊದುಕುಲುಮೆ 1923ರಲ್ಲಿ ಇದ್ದಿಲಿನಿಂದಲೇ ಶುರುವಾದದ್ದು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿ ಇದ್ದಿಲಿನ ಜೊತೆ ಮೀಥೈಲ್ ಆಲ್ಕೋಹಾಲ್, ಟಾರ್ ಕೂಡ ತೆಗೆಯುತ್ತಿದ್ದರು. ಮುಂದೆ ಜೋಗದ ಕರೆಂಟಿನಿಂದ ವಿದ್ಯುತ್ ಕುಲುಮೆಗಳು ಬಂದವು. ಎಲ್‌ಸಿಎಯಲ್ಲಿ ಮರದ ಇಂಗಾಲವನ್ನು ಬೇರೆ ಸಾಲಿನಲ್ಲಿ ಬರೆಯುತ್ತಾರೆ. ಕಡಿದಷ್ಟೂ ಅದೇ ನೆಲದಲ್ಲಿ ಮತ್ತೆ ಬೆಳೆದರೆ ಅದು ಸೊನ್ನೆಯ ಹತ್ತಿರ. ಬ್ರೆಜಿಲ್‌ನಲ್ಲಿ ನೀಲಗಿರಿ ನೆಡುತೋಪಿನ ಇದ್ದಿಲಿನಿಂದ ಇಂದಿಗೂ ಕಬ್ಬಿಣ ಮಾಡುತ್ತಾರೆ. ಒಂದು ಟನ್ ಇದ್ದಿಲಿಗೆ ಸುಮಾರು 4 ಟನ್ ಒಣ ಕಟ್ಟಿಗೆ ಬೇಕು. ಅದು ನೆಡುತೋಪಿನದಾಗಿರದೆ ಮಲೆನಾಡಿನ ಸಹಜ ಕಾಡಿನದಾಗಿದ್ದರೆ ‘ಭೂಬಳಕೆ ಬದಲಾವಣೆ’ ಎಂಬ ಸಾಲಿನಲ್ಲಿ ಆ ಕಾಡಿನ ಮಣ್ಣು, ಮರಗಳ ಇಂಗಾಲವೂ ಕಬ್ಬಿಣದ ಖಾತೆಗೆ ಸೇರುತ್ತದೆ.